ಜನವರಿ 1ಕ್ಕೆ ತರಗತಿಯಲ್ಲಿ ಏನು ಮಾಡೋದು? ಮಕ್ಕಳ ಕೈಯಲ್ಲೇ ಒಂದು ಕ್ಯಾಲೆಂಡರ್

ಡಿಸೆಂಬರ್ ಮೂರನೇ ವಾರ ಬಂತೆಂದರೆ ಶಿಕ್ಷಕ ಗೆಳೆಯರ ಫೋನು ಶುರು. "ಹೊಸ ವರ್ಷಕ್ಕ ಮಕ್ಕಳ ಜೋಡಿ ಏನ್ ಮಾಡೋಣ್ರಿ? ಕೇಕ್ ತರಿಸಿದ್ರ ಆತೇನು?" ಸರ್ಕಾರಿ ಶಾಲೆಗೆ ಜನವರಿ 1 ರಜೆ ಅಲ್ಲ. ಮಕ್ಕಳು ಬರುತ್ತಾರೆ, ಆದರೆ ಪಾಠ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ. ಹೇಳಬೇಕೆಂದರೆ ನಮಗೂ ಇರುವುದಿಲ್ಲ.

ಕೇಕ್ ನಾನೂ ತರಿಸಿ ನೋಡಿದ್ದೇನೆ. 41 ಮಕ್ಕಳು, 2 ಕೆಜಿ ಕೇಕ್. ಕೊನೆ ಸಾಲಿನವರಿಗೆ ಸಿಕ್ಕಿದ್ದು ರಟ್ಟಿಗೆ ಅಂಟಿದ ಕ್ರೀಮು. ಮೊಟ್ಟೆ ಹಾಕಿದ್ದಾರೋ ಏನೋ ಎಂದು ನಾಲ್ಕು ಮಕ್ಕಳು ಮುಟ್ಟಲೇ ಇಲ್ಲ. ಮುಂದಿನ ವರ್ಷದಿಂದ ಕೇಕ್ ಬಿಟ್ಟು ಕ್ಯಾಲೆಂಡರ್ ಹಿಡಿದೆ. ನಮ್ಮ ಗದಗ ಮೊದಲಿನಿಂದಲೂ ಅಚ್ಚುಕೂಟಗಳ ಊರು. ಇಲ್ಲಿ ಅಚ್ಚಾದ ಪಂಚಾಂಗ, ಕ್ಯಾಲೆಂಡರುಗಳು ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಗೋಡೆ ಮೇಲಿವೆ. ಈ ಸಲ ನಾವೇ ಒಂದು ಮಾಡೋಣ ಎಂದರೆ ಮಕ್ಕಳಿಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಕೆಳಗಿನದ್ದು 4ರಿಂದ 7ನೇ ತರಗತಿಯವರಿಗೆ ಹೊಂದುತ್ತದೆ. ಉದಾಹರಣೆಗಳನ್ನು 2027ಕ್ಕೆ ಲೆಕ್ಕ ಹಾಕಿ ಕೊಟ್ಟಿದ್ದೇನೆ.

"ಇದು ನಮ್ಮ ಹೊಸ ವರ್ಷ ಅಲ್ಲ" ಅನ್ನುವವರಿಗೆ

ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ಈ ಮಾತು ತೆಗೆದೇ ತೆಗೆಯುತ್ತಾರೆ. ವಾದಕ್ಕೆ ಇಳಿಯಬೇಡಿ. ನಮ್ಮ ಕಡೆ ವರ್ಷ ಶುರುವಾಗುವುದು ಒಂದೇ ಸಲ ಅಲ್ಲ. ಆಫೀಸಿನ ತಾರೀಖಿಗೆ ಜನವರಿ 1, ದುಡ್ಡಿನ ಲೆಕ್ಕಕ್ಕೆ ಏಪ್ರಿಲ್ 1, ಸಂವತ್ಸರಕ್ಕೆ ಯುಗಾದಿ. ಹುಬ್ಬಳ್ಳಿಯ ವ್ಯಾಪಾರಸ್ಥರು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುವುದು ದೀಪಾವಳಿಗೆ. ಮುಸ್ಲಿಮರ ವರ್ಷ ಮೊಹರಂ ತಿಂಗಳಿನಿಂದ. ಶಾಲೆಯ ವರ್ಷವಂತೂ ಬೇಸಿಗೆ ರಜೆ ಮುಗಿದ ಮೇಲೆ. ಕ್ಯಾಲೆಂಡರಿನಲ್ಲಿ ಇವೆಲ್ಲಕ್ಕೂ ಒಂದೊಂದು ಕೆಂಪು ಚೌಕ ಕೊಡಿ. ತಕರಾರು ತೆಗೆದವರನ್ನೇ ಯುಗಾದಿ ಪುಟದ ಉಸ್ತುವಾರಿಗೆ ಹಾಕಿದರೆ ಇನ್ನೂ ಒಳ್ಳೆಯದು. ನಾನು ಹಾಗೆ ಮಾಡಿದ್ದೇನೆ, ಕೆಲಸ ಚೆನ್ನಾಗಿ ಆಯಿತು.

ಬೇಕಾಗುವ ಸಾಮಾನು

ದೊಡ್ಡ ಡ್ರಾಯಿಂಗ್ ಶೀಟು 3 (22×28 ಇಂಚಿನದು, ಬಿಳಿ ಬಣ್ಣ), ರಟ್ಟಿಗೆ ಒಂದು ಹಳೇ ಬಾಕ್ಸು, ಪೆನ್ಸಿಲ್, ರಬ್ಬರ್, 12 ಇಂಚಿನ ಸ್ಕೇಲುಗಳು, ಸ್ಕೆಚ್ ಪೆನ್ ಎರಡು ಪ್ಯಾಕು, ಗಟ್ಟಿ ದಾರ, ಒಂದಡಿ ಉದ್ದದ ಬಿದಿರು ಕಡ್ಡಿ. ಪಂಚಿಂಗ್ ಮಷೀನ್ ಆಫೀಸಿನಲ್ಲಿ ಇದ್ದೇ ಇರುತ್ತದೆ. ಮಕ್ಕಳಿಂದ ದುಡ್ಡು ಎತ್ತಬೇಡಿ. ಹತ್ತೇ ರೂಪಾಯಿ ಆದರೂ ತರಲಾಗದ ಮಗು ಅವತ್ತು ಶಾಲೆಗೇ ಬರುವುದಿಲ್ಲ.

ಹಂತ 1: ಒಪ್ಪಿಗೆ, ಗುಂಪು (ಡಿಸೆಂಬರ್ 20ರ ಸುಮಾರಿಗೆ)

ಮುಖ್ಯ ಗುರುಗಳಿಗೆ ಮೊದಲೇ ಹೇಳಿ. ತಿನ್ನುವುದಕ್ಕೆ ಏನಾದರೂ ಕೊಡುವುದಿದ್ದರೆ ಎಸ್‌ಡಿಎಂಸಿಯವರ (ಪಾಲಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕಿವಿಗೂ ಹಾಕಿ.

ಆಮೇಲೆ 12 ಗುಂಪು. 36 ಮಕ್ಕಳಿದ್ದರೆ ಮೂರು ಮೂರು ಜನ: ಒಬ್ಬರು ಗೆರೆ ಮತ್ತು ಅಂಕಿ, ಒಬ್ಬರು ಚಿತ್ರ, ಒಬ್ಬರು ಸುದ್ದಿ ತರುವವರು. ಇಪ್ಪತ್ತೇ ಮಕ್ಕಳಿದ್ದರೆ ಕೆಲವು ತಿಂಗಳಿಗೆ ಇಬ್ಬರು, ಕೆಲವಕ್ಕೆ ಒಬ್ಬರು. ತಿಂಗಳು ಹಂಚುವುದಕ್ಕೆ ಚೀಟಿ ಎತ್ತಿಸಿ. ಇಲ್ಲದಿದ್ದರೆ ಎಲ್ಲರಿಗೂ ಆಗಸ್ಟೇ ಬೇಕು, ಧ್ವಜ ಬರೆಯುವುದು ಸುಲಭ ಅಲ್ವಾ?

ಹಂತ 2: ಹುಟ್ಟಿದ ದಿನ ಕೇಳಿಕೊಂಡು ಬರುವುದು

ಇದಕ್ಕೆ ಮೂರ್ನಾಲ್ಕು ದಿನ ಕೊಡಿ. ಪ್ರತಿ ಮಗು ತನ್ನ ಹುಟ್ಟಿದ ದಿನ, ಜೊತೆಗೆ ಮನೆಯ ಒಬ್ಬ ಹಿರಿಯರದ್ದು ಕೇಳಿಕೊಂಡು ಬರಬೇಕು.

ಗೊಂದಲ ಜಾಸ್ತಿ ಆಗುವುದು ಇಲ್ಲೇ. ಹಿರಿಯರ ಪಟ್ಟಿ ನೋಡಿದರೆ ಅರ್ಧಕ್ಕರ್ಧ ಜೂನ್ 1 ಇರುತ್ತದೆ. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದಿದ್ದರೆ, ವಯಸ್ಸು ಸರಿಹೋಗಲಿ ಎಂದು ಮಾಸ್ತರರೇ ಬರೆದ ಹುಟ್ಟುಹಬ್ಬ ಅದು. ಈಗಿನ ಮಕ್ಕಳಿಗೆ ಜನನ ಪ್ರಮಾಣ ಪತ್ರ ಇದೆ, ಆದರೂ ಒಂದಿಬ್ಬರು ಬಂದು, "ಸರ್ರ, ನಂದು ಸಾಲ್ಯಾಗ ಬ್ಯಾರೆ ಐತಿ, ಮನ್ಯಾಗ ಬ್ಯಾರೆ ಐತಿ" ಎನ್ನುತ್ತಾರೆ. ಮನೆಯವರು ಹೇಳಿದ್ದನ್ನೇ ಕ್ಯಾಲೆಂಡರಿಗೆ ಬರೆಯಿರಿ. ಶಾಲೆಯ ದಾಖಲೆಗೂ ಇದಕ್ಕೂ ಸಂಬಂಧ ಇಲ್ಲ ಎಂದು ಪಾಲಕರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮರುದಿನ ಯಾರೋ ತಾರೀಖು ತಿದ್ದಿಸಲು ಆಧಾರ್ ಹಿಡಿದುಕೊಂಡು ಬಂದು ನಿಲ್ಲುತ್ತಾರೆ.

ಅಜ್ಜಿಯಂದಿರು ತಾರೀಖು ಹೇಳುವುದಿಲ್ಲ, ಕಾಲ ಹೇಳುತ್ತಾರೆ. ಅದನ್ನು ತಿಂಗಳಿಗೆ ಹೊಂದಿಸಿಕೊಳ್ಳಲು ಒಂದು ಅಂದಾಜು: "ಎಳ್ಳಮಾಸಿ ಮುಂದ" ಎಂದರೆ ಡಿಸೆಂಬರ್ ಅಥವಾ ಜನವರಿ. "ಕಾರಹುಣ್ಣಿವಿ" ಎಂದರೆ ಹೆಚ್ಚಾಗಿ ಜೂನ್. "ಪಂಚಮಿ ಜೋಕಾಲಿ ಕಟ್ಟಿದ್ವಿ" ಎಂದರೆ ಜುಲೈ ಕೊನೆ ಅಥವಾ ಆಗಸ್ಟ್. "ಶೀಗಿ ಹುಣ್ಣಿವಿ" ಎಂದರೆ ಅಕ್ಟೋಬರ್ ಆಸುಪಾಸು. ಇಂಥವರ ಹೆಸರನ್ನು ಯಾವುದೇ ಚೌಕದೊಳಗೆ ಹಾಕದೆ ಆ ತಿಂಗಳ ಅಂಚಿನಲ್ಲಿ ಬರೆಸಿ. ಅಂಚು ತುಂಬಾ ಚಂದ ಕಾಣುತ್ತದೆ: "ಕಾರಹುಣ್ಣಿಮೆ ಮರುದಿನ, ನಮ್ಮ ಅಮ್ಮ."

ಒಂದು ಎಚ್ಚರಿಕೆ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗು ತರಗತಿಯಲ್ಲಿ ಇರಬಹುದು. "ಅಪ್ಪ ಅಮ್ಮನನ್ನು ಕೇಳಿ" ಎನ್ನಬೇಡಿ, "ಮನೆಯಲ್ಲಿ ದೊಡ್ಡವರನ್ನು ಕೇಳಿ" ಎನ್ನಿ. ಏನೂ ಸಿಗದಿದ್ದರೆ ದಾಖಲೆಯಲ್ಲಿರುವ ತಾರೀಖನ್ನು ಎಲ್ಲರೆದುರು ಅಲ್ಲ, ಆ ಮಗುವಿಗಷ್ಟೇ ಹೇಳಿ.

ಹಂತ 3: ಕತ್ತರಿಸಿ ಗೆರೆ ಹಾಕುವುದು

ಒಂದು ಶೀಟಿಗೆ ನಾಲ್ಕು ತುಂಡು. ಮೂರು ಶೀಟಿಗೆ 12 ಪುಟ, ಒಂದೊಂದು 11×14 ಇಂಚು. ಕತ್ತರಿಸುವ ಕೆಲಸ ನೀವೇ ಮಾಡಿ.

ಪುಟವನ್ನು ಉದ್ದಕ್ಕೆ ನಿಲ್ಲಿಸಿ. ಮೇಲಿನ 5 ಇಂಚು ಚಿತ್ರ ಮತ್ತು ತಿಂಗಳ ಹೆಸರಿಗೆ. ಅದರ ಕೆಳಗೆ 1 ಇಂಚು ವಾರದ ಹೆಸರುಗಳಿಗೆ. ಆಮೇಲೆ ಒಂದೂಕಾಲು ಇಂಚಿನ 6 ಸಾಲು. ಕೊನೆಗೆ ಅರ್ಧ ಇಂಚು ಉಳಿಯುತ್ತದೆ. ಅಡ್ಡಕ್ಕೆ ಒಂದೂವರೆ ಇಂಚಿನ 7 ಮನೆ, ಎರಡೂ ಬದಿಗೆ ಕಾಲು ಕಾಲು ಇಂಚು ಅಂಚು.

ಆರು ಸಾಲು ಯಾಕೆ ಎಂದು ಕೇಳುತ್ತಾರೆ, ಐದು ಸಾಕಲ್ಲ? ಸಾಲದು. ಭಾನುವಾರದಿಂದ ಶುರು ಮಾಡಿ ಬರೆದರೆ 2027ರಲ್ಲಿ ಜನವರಿ, ಮೇ, ಅಕ್ಟೋಬರ್ ಆರನೇ ಸಾಲಿಗೆ ಇಳಿಯುತ್ತವೆ. ಅಂಗಡಿಯ ಕ್ಯಾಲೆಂಡರಿನಲ್ಲಿ 31ನ್ನು 24ರ ಜೊತೆ ಒಂದೇ ಮನೆಯಲ್ಲಿ ತುರುಕಿರುವುದನ್ನು ನೋಡಿರುತ್ತೀರಿ. ಮಕ್ಕಳ ಕೈಬರಹಕ್ಕೆ ಅದು ಆಗುವ ಕೆಲಸ ಅಲ್ಲ.

ಗೆರೆ ಪೆನ್ಸಿಲಿನಲ್ಲೇ ಇರಲಿ. ಸ್ಕೆಚ್ ಪೆನ್ ಇನ್ನೂ ಕೊಡಬೇಡಿ. ಕೊಟ್ಟರೆ ಮೊದಲ ಐದು ನಿಮಿಷದಲ್ಲೇ ಒಂದು ಶೀಟು ಹಾಳು.

ಹಂತ 4: ತಾರೀಖು ತುಂಬುವುದು

ನಿಜವಾದ ಗಣಿತ ಪಾಠ ಇದೇ. ಅಚ್ಚಾದ ಕ್ಯಾಲೆಂಡರ್ ನೋಡಿ ನಕಲು ಮಾಡಿಸಬೇಡಿ. ಜನವರಿ 1 ಶುಕ್ರವಾರ ಎಂದಷ್ಟೇ ಹೇಳಿ, ಉಳಿದದ್ದು ಅವರೇ ಕಂಡುಹಿಡಿಯಲಿ.

ಯಾವ ತಿಂಗಳಿಗೆ ಎಷ್ಟು ದಿನ ಎಂಬುದಕ್ಕೆ ಮುಷ್ಟಿ ಲೆಕ್ಕ. ಎಡಗೈ ಮುಷ್ಟಿ ಹಿಡಿಸಿ, ಗೆಣ್ಣಿನ ಮೇಲೆ ಜನವರಿ, ಪಕ್ಕದ ತಗ್ಗಿಗೆ ಫೆಬ್ರುವರಿ, ಮತ್ತೆ ಗೆಣ್ಣಿಗೆ ಮಾರ್ಚ್. ಗೆಣ್ಣಿಗೆ ಬಂದ ತಿಂಗಳಿಗೆ 31. ಜುಲೈ ಕೊನೆ ಗೆಣ್ಣಿಗೆ ಬರುತ್ತದೆ. ಆಗಸ್ಟನ್ನು ತಗ್ಗಿಗೆ ಹಾಕದೆ ಮತ್ತೆ ಮೊದಲ ಗೆಣ್ಣಿನಿಂದ ಶುರು ಮಾಡಬೇಕು. ಇಲ್ಲೇ ತಪ್ಪುವುದು. ಫೆಬ್ರುವರಿಗೆ 2027ರಲ್ಲಿ 28. ಅಧಿಕ ವರ್ಷ (ಫೆಬ್ರುವರಿಗೆ ಒಂದು ದಿನ ಜಾಸ್ತಿ ಇರುವ ವರ್ಷ) 2028ಕ್ಕೆ ಬರುತ್ತದೆ.

ಒಂದು ತಿಂಗಳು ಮುಗಿದ ವಾರದ ಮರುದಿನ ಮುಂದಿನ ತಿಂಗಳು. ಆದ್ದರಿಂದ ಗುಂಪುಗಳು ಒಬ್ಬರಿಗಾಗಿ ಒಬ್ಬರು ಕಾಯಬೇಕಾಗುತ್ತದೆ. ಫೆಬ್ರುವರಿಯವರು ಜನವರಿಯವರ ತಲೆ ಮೇಲೆ ನಿಂತು, "ಲಗೂ ಮುಗಸ್ರಲೇ" ಎಂದು ಕೂಗುವುದನ್ನು ಕೇಳಬೇಕು ನೀವು. ಕಾಯುವ ಗುಂಪುಗಳು ಮೇಲಿನ ಚಿತ್ರ ಶುರು ಮಾಡಲಿ.

ಲೆಕ್ಕ ಸರಿಯೇ ಎಂದು ನೀವು ಹೀಗೆ ನೋಡಿಕೊಳ್ಳಿ. ಫೆಬ್ರುವರಿ 28 ದಿನದ ವರ್ಷದಲ್ಲಿ ಈ ತಿಂಗಳುಗಳು ಒಂದೇ ವಾರದಂದು ಶುರುವಾಗಬೇಕು: ಜನವರಿ ಮತ್ತು ಅಕ್ಟೋಬರ್; ಫೆಬ್ರುವರಿ, ಮಾರ್ಚ್ ಮತ್ತು ನವೆಂಬರ್; ಏಪ್ರಿಲ್ ಮತ್ತು ಜುಲೈ; ಸೆಪ್ಟೆಂಬರ್ ಮತ್ತು ಡಿಸೆಂಬರ್. ಮೇ, ಜೂನ್, ಆಗಸ್ಟ್ ಒಂಟಿ. 2027ಕ್ಕೆ ಮೊದಲ ಜೋಡಿ ಶುಕ್ರವಾರ, ಎರಡನೇ ಗುಂಪು ಸೋಮವಾರ, ಮೂರನೆಯದು ಗುರುವಾರ, ನಾಲ್ಕನೆಯದು ಬುಧವಾರ. ಮೇ ಶನಿವಾರ, ಜೂನ್ ಮಂಗಳವಾರ, ಆಗಸ್ಟ್ ಭಾನುವಾರ. ಡಿಸೆಂಬರ್ 31 ಮತ್ತೆ ಶುಕ್ರವಾರಕ್ಕೇ ಬಂದು ನಿಲ್ಲಬೇಕು. 365 ದಿನ ಎಂದರೆ 52 ವಾರ ಮತ್ತು ಒಂದು ದಿನ, ಹಾಗಾಗಿ ವರ್ಷ ಹುಟ್ಟಿದ ವಾರದಂದೇ ಮುಗಿಯುತ್ತದೆ. ಬಾರದಿದ್ದರೆ ಎಲ್ಲಿ ಜಾರಿತು ಎಂದು ಹಿಂದಕ್ಕೆ ಹೋಗಿ ಹುಡುಕಿ. ಬಹಳ ಸಲ ಜೂನಿಗೆ 31 ಕೊಟ್ಟಿರುತ್ತಾರೆ.

ಯಾರ ಮನೆಯಲ್ಲಾದರೂ 2021ರ ಕ್ಯಾಲೆಂಡರ್ ಇದ್ದರೆ ಕೊನೆಗೆ ತರಿಸಿ. 2027ರ ತಾರೀಖು, ವಾರ ಎಲ್ಲ ಅದರಂತೆಯೇ. ಪಕ್ಕಪಕ್ಕ ಹಿಡಿದು ತೋರಿಸಿದಾಗ ಮಕ್ಕಳ ಮುಖ ನೋಡಿ.

ಕನ್ನಡ ಅಂಕಿಯಲ್ಲಿ ಬರೆಸುವುದಿದ್ದರೆ ೬ ಮತ್ತು ೯ರ ಮೇಲೆ ಕಣ್ಣಿಡಿ. ನಾನು ಕನ್ನಡ ಅಂಕಿಯನ್ನು ದೊಡ್ಡದಾಗಿ, ಇಂಗ್ಲಿಷ್ ಅಂಕಿಯನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆಸುತ್ತೇನೆ.

ಹಂತ 5: ಹಬ್ಬ, ಜಾತ್ರೆ, ಹುಟ್ಟುಹಬ್ಬ

ತಾರೀಖು ಬದಲಾಗದವು ಮೊದಲು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಡಿಸೆಂಬರ್ 25. ಇವಕ್ಕೆ ಸ್ಕೆಚ್ ಪೆನ್ ಹಿಡಿಯಬಹುದು.

ತಿಥಿ ಮತ್ತು ಚಂದ್ರನ ಮೇಲೆ ನಿಂತವು ಬೇರೆ. ಯುಗಾದಿ, ಶಿವರಾತ್ರಿ, ರಂಜಾನ್, ಮೊಹರಂ, ಊರ ತೇರು, ಇವನ್ನು ಪೆನ್ಸಿಲಿನಲ್ಲಿ ಬರೆಸಿ. ಪಂಚಾಂಗ ನೋಡಿ, ಗುಡಿಯವರನ್ನೂ ಮಸೀದಿಯವರನ್ನೂ ಕೇಳಿ ಖಾತ್ರಿಯಾದ ಮೇಲೆ ಬಣ್ಣ. ಹುಬ್ಬಳ್ಳಿಯವರಾದರೆ ಸಿದ್ಧಾರೂಢರ ತೇರು ಶಿವರಾತ್ರಿಯ ಮರುದಿನ ಎಂಬುದು ಮಕ್ಕಳಿಗೇ ಗೊತ್ತಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ, ಅದನ್ನು ಬಿಟ್ಟರೆ ಮಕ್ಕಳೇ ಜಗಳಕ್ಕೆ ಬರುತ್ತಾರೆ.

ಜಾಣ ಹುಡುಗಿ ಒಬ್ಬಳು ಇಲ್ಲಿ ಕೇಳುತ್ತಾಳೆ: "2026ರಾಗ ಯುಗಾದಿ ಮಾರ್ಚ್ 19ಕ್ಕ ಇತ್ತು, 2027ರಾಗ ಏಪ್ರಿಲ್ 7ಕ್ಕ ಯಾಕ ಬಂತು?" ಉತ್ತರ ಸಿದ್ಧ ಇಟ್ಟುಕೊಳ್ಳಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ಹಬ್ಬ ವರ್ಷಕ್ಕೆ 11 ದಿನದಷ್ಟು ಹಿಂದೆ ಹಿಂದೆ ಬರುತ್ತದೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗಿಬಿಡುತ್ತದೆ. ಅದಕ್ಕೆ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಹೆಚ್ಚಿನ ತಿಂಗಳು ಸೇರಿಸುತ್ತಾರೆ. ಅದೇ ಅಧಿಕ ಮಾಸ. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಮುಂದಿನ ಯುಗಾದಿ ಏಪ್ರಿಲಿಗೆ ಜಿಗಿಯಿತು. ಮುಸ್ಲಿಮರ ಲೆಕ್ಕದಲ್ಲಿ ಈ ಹೆಚ್ಚಿನ ತಿಂಗಳಿಲ್ಲ. ಆದ್ದರಿಂದಲೇ ರಂಜಾನ್ ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲ ಸುತ್ತಿ ಬರುತ್ತದೆ.

ಹುಟ್ಟುಹಬ್ಬಗಳು ಕೊನೆಗೆ. ಕೆಲವು ಪುಟ ಖಾಲಿ ಉಳಿದರೆ ನಮ್ಮ ಕಡೆಯ ದೊಡ್ಡವರನ್ನು ಕರೆತನ್ನಿ. ಜನವರಿ 31 ದ.ರಾ. ಬೇಂದ್ರೆ (1896, ಧಾರವಾಡ). ಫೆಬ್ರುವರಿ 4 ಭೀಮಸೇನ ಜೋಶಿ (1922, ರೋಣ). ಮಾರ್ಚ್ 3 ಪುಟ್ಟರಾಜ ಗವಾಯಿಗಳು (1914). ಹುಟ್ಟಿದ್ದು ಹಾವೇರಿ ಜಿಲ್ಲೆಯ ದೇವಗಿರಿ, ಬಾಳಿದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಮಾರ್ಚ್ 5 ಗಂಗೂಬಾಯಿ ಹಾನಗಲ್ (1913). ಆಗಸ್ಟ್ 9 ವಿ.ಕೃ. ಗೋಕಾಕ (1909, ಸವಣೂರು). ಡಿಸೆಂಬರ್ 31 ಮಲ್ಲಿಕಾರ್ಜುನ ಮನ್ಸೂರ (1910). ಚಿತ್ರಕ್ಕೂ ಊರಿನದ್ದೇ ಇರಲಿ. ಹಾವೇರಿಯವರು ಏಲಕ್ಕಿ ಹಾರ, ಬ್ಯಾಡಗಿ ಮೆಣಸಿನಕಾಯಿ ಬರೆಯಬಹುದು, ನವಲಗುಂದದವರು ಜಮಖಾನ. ಧಾರವಾಡ ತಾಲೂಕಿನ ಹನುಮನಕೊಪ್ಪದಲ್ಲಿ ಯುಗಾದಿ ಅಮಾವಾಸ್ಯೆಗೆ ಗೊಂಬೆ ಮಾಡಿಟ್ಟು ಮಳೆ ಬೆಳೆಯ ಭವಿಷ್ಯ ನೋಡುತ್ತಾರೆ. ಯುಗಾದಿ ಪುಟಕ್ಕೆ ಅದು ಒಳ್ಳೆ ಚಿತ್ರ. ಜನವರಿಗೆ ಎಂದು ಹಿಮದ ಮನೆ ಬರೆಯಲು ಹೊರಟವರನ್ನು ಮೆಲ್ಲಗೆ ಎಳ್ಳಮಾಸಿಯ ಹೊಲದ ಕಡೆ ತಿರುಗಿಸಿ.

ಹಂತ 6: ನೀನು ಯಾವ ಸಂವತ್ಸರದವನು?

ಬಣ್ಣ ಒಣಗುವ ಹೊತ್ತಿಗೆ ಆಡಿಸುವ ಆಟ. ಸಂವತ್ಸರ ಎಂದರೆ ಯುಗಾದಿಯಿಂದ ಯುಗಾದಿಗೆ ಎಣಿಸುವ ವರ್ಷ. ಒಟ್ಟು 60 ಹೆಸರು, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಬೋರ್ಡಿನ ಮೇಲೆ ಬರೆಯಿರಿ: 2013 ವಿಜಯ, 2014 ಜಯ, 2015 ಮನ್ಮಥ, 2016 ದುರ್ಮುಖಿ, 2017 ಹೇವಿಳಂಬಿ, 2018 ವಿಳಂಬಿ. 2027ರ ಯುಗಾದಿಗೆ ಶುರುವಾಗುವುದು ಪ್ಲವಂಗ.

ತಪ್ಪುವ ಜಾಗ: 2016ರ ಫೆಬ್ರುವರಿಯಲ್ಲಿ ಹುಟ್ಟಿದ ಮಗು ದುರ್ಮುಖಿ ಅಲ್ಲ, ಮನ್ಮಥ. ಯುಗಾದಿ ಇನ್ನೂ ಬಂದಿರಲಿಲ್ಲವಲ್ಲ. "ದುರ್ಮುಖಿ" ಬಂದ ಹುಡುಗಿಯರನ್ನು ಉಳಿದವರು ಕಾಡಿಸದೆ ಬಿಡುವುದಿಲ್ಲ, ಅದಕ್ಕೂ ತಯಾರಾಗಿರಿ. 60 ವರ್ಷದ ಅಜ್ಜನಿಗೂ ಈಗ ಹುಟ್ಟುವ ಮೊಮ್ಮಗನಿಗೂ ಒಂದೇ ಸಂವತ್ಸರ ಬರುತ್ತದೆ ಎಂದರೆ ಮಕ್ಕಳು ಮನೆಗೆ ಓಡಿ ಹೋಗಿ ಹೇಳುತ್ತಾರೆ.

ಹಂತ 7: ಜನವರಿ 1

ಅಷ್ಟು ಹೊತ್ತಿಗೆ ಕ್ಯಾಲೆಂಡರ್ ಮುಗಿದಿರಬೇಕು. ಅವತ್ತೇ ಮಾಡಿ ಮುಗಿಸುತ್ತೇನೆ ಅಂದುಕೊಂಡರೆ ಸಂಜೆಯವರೆಗೆ ಆಗಸ್ಟ್ ದಾಟುವುದಿಲ್ಲ. ಅವತ್ತಿಗೆ ಉಳಿಯಬೇಕಾದ್ದು ಜೋಡಿಸುವುದು, ತೂಗುಹಾಕುವುದು, ತಿನ್ನುವುದು. ಒಂದು ಪಿರಿಯಡ್ ಸಾಕು.

ಪುಟಗಳನ್ನು ಜೋಡಿಸಿ ಹಿಂದೆ ರಟ್ಟು ಇಟ್ಟು, ಮೇಲಿನ ಅಂಚಿನಲ್ಲಿ ಮೂರು ತೂತು. ದಾರವನ್ನು ಬಿದಿರು ಕಡ್ಡಿಗೆ ಸುತ್ತಿ ಸಡಿಲವಾಗಿ ಕಟ್ಟಿ. ಬಿಗಿದು ಕಟ್ಟಿದರೆ ಪುಟ ಹಿಂದಕ್ಕೆ ತಿರುಗುವುದಿಲ್ಲ, ಮಾರ್ಚ್ ಹೊತ್ತಿಗೆ ಹರಿಯುತ್ತದೆ. ಮೊಳೆ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ, ಬೋರ್ಡಿನ ಮೇಲೆ ಬೇಡ.

ತಿನ್ನಲು ನನ್ನ ಆಯ್ಕೆ ಗಿರಮಿಟ್ಟು. ಒಂದು ಕೆಜಿ ಚುರಮುರಿ 36 ಮಕ್ಕಳಿಗೆ ಧಾರಾಳ. ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆ ರಸ, ಬೆಲ್ಲ, ಅರಿಶಿನ ಹಾಕಿದ ಒಗ್ಗರಣೆಯನ್ನು ಬಿಸಿಯೂಟದ ಅಕ್ಕಂದಿರು ಅಡುಗೆ ಮನೆಯಲ್ಲೇ ಮಾಡಿಕೊಡಲಿ. ತರಗತಿಯಲ್ಲಿ ಬೆಂಕಿ ಬೇಡ. ಒಗ್ಗರಣೆ ಆರಿದ ಮೇಲೆ, ತಿನ್ನುವುದಕ್ಕೆ ಐದು ನಿಮಿಷ ಮೊದಲು ಚುರಮುರಿ ಕಲಸಿ. ಮೇಲೆ ಪುಠಾಣಿ ಹಿಟ್ಟು, ಹಸಿ ಈರುಳ್ಳಿ, ಕೊತ್ತಂಬರಿ. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಯಾರೂ ತಿನ್ನುವುದಿಲ್ಲ. ಶೇಂಗಾ ಹಾಕುವುದಿದ್ದರೆ ಯಾರಿಗಾದರೂ ಅಲರ್ಜಿ ಇದೆಯೇ ಎಂದು ಹಿಂದಿನ ದಿನವೇ ಕೇಳಿ. ಮತ್ತೆ, ಬಿಸಿಯೂಟಕ್ಕೆ ಮುಂಚೆ ಕೊಡಬೇಡಿ. ಮಧ್ಯಾಹ್ನದ ಮೇಲೆ ಕೊಡಿ. ಹೊಟ್ಟೆ ತುಂಬಿಸಿಕೊಂಡ ಮಕ್ಕಳು ಊಟ ಚೆಲ್ಲಿದರೆ ಅಡುಗೆಯವರ ಮುಂದೆ ಮುಖ ತೋರಿಸುವುದು ಕಷ್ಟ.

ಯಾರಾದರೂ ನೊರೆ ಹಾರಿಸುವ ಸ್ಪ್ರೇ ಡಬ್ಬಿ ತಂದರೆ ಇಸಿದುಕೊಂಡು ಸಂಜೆ ವಾಪಸ್ ಕೊಡಿ. ಕಣ್ಣಿಗೆ ಬಿದ್ದರೆ ಉರಿ. ಮೇಣದ ಬತ್ತಿ ಹತ್ತಿರ ಇದ್ದರೆ ಹೊತ್ತಿಕೊಳ್ಳುತ್ತದೆ.

ಸಂಕಲ್ಪ ಬರೆಸುವ ರೂಢಿ ಕೆಲವು ಕಡೆ ಇದೆ. ಬರೆಸಿದರೆ "ಚೆನ್ನಾಗಿ ಓದುತ್ತೇನೆ" ಎಂಬ 36 ಚೀಟಿ ಬರುತ್ತವೆ. "ಸಂಕ್ರಾಂತಿಯೊಳಗೆ 13ರ ಮಗ್ಗಿ" ಎಂಬಂತೆ ದಿನ ಮತ್ತು ಕೆಲಸ ಎರಡೂ ಇರಬೇಕು ಎನ್ನಿ. ಅದನ್ನು ಕ್ಯಾಲೆಂಡರಿನ ಆ ಮನೆಯಲ್ಲೇ ಚಿಕ್ಕದಾಗಿ ಬರೆಯಲಿ.

ನಲಿ-ಕಲಿ (1ರಿಂದ 3ನೇ ತರಗತಿ ಒಟ್ಟಿಗೆ ಕೂತು ಕಲಿಯುವ ಪದ್ಧತಿ) ಮಕ್ಕಳಿಗೆ ಇಷ್ಟೆಲ್ಲ ಬೇಡ. ಒಂದೇ ಶೀಟಿಗೆ 12 ಮನೆ ಹಾಕಿ, ತಾವು ಹುಟ್ಟಿದ ತಿಂಗಳ ಮನೆಯಲ್ಲಿ ಬಣ್ಣದ ಹೆಬ್ಬೆಟ್ಟು ಒತ್ತಿಸಿ. ಯಾವ ತಿಂಗಳಿಗೆ ಹೆಬ್ಬೆಟ್ಟು ಜಾಸ್ತಿ ಎಂದು ಎಣಿಸಿದರೆ ಆಯಿತು.

ಹಂತ 8: ಆಮೇಲೆ

ಪ್ರತಿ ತಿಂಗಳ 1ರಂದು ಆ ತಿಂಗಳ ಗುಂಪೇ ಪುಟ ತಿರುಗಿಸಲಿ. ರಜೆಯಿದ್ದರೆ ಮರುದಿನ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವಾಗ ಕ್ಯಾಲೆಂಡರನ್ನು ಗೋಡೆ ಮೇಲೆ ಬಿಡಬೇಡಿ, ಇಳಿಸಿ ಬೀರುವಿನಲ್ಲಿಡಿ. ಮೇ ಪುಟ ಯಾರೂ ನೋಡದೇ ಹೋಗುತ್ತದೆ ಎಂದು ಆ ಗುಂಪಿಗೆ ಬೇಜಾರು. ಅವರ ಪುಟವನ್ನು ಒಂದು ವಾರ ಮೊದಲೇ ತಿರುಗಿಸಿ ತೋರಿಸಿ. ಜೂನ್‌ನಲ್ಲಿ ಮಕ್ಕಳು ಮುಂದಿನ ತರಗತಿಗೆ ಹೋಗುವಾಗ ಕ್ಯಾಲೆಂಡರೂ ಅವರ ಜೊತೆ ಆ ಕೋಣೆಗೆ ಹೋಗಬೇಕು.

ವರ್ಷ ಮುಗಿದ ಮೇಲೆ ರದ್ದಿಗೆ ಹಾಕಬೇಡಿ. ನುಸಿ ಹಿಡಿಯದಂತೆ ಒಂದಿಷ್ಟು ಒಣ ಬೇವಿನ ಎಲೆ ಇಟ್ಟು ಸುತ್ತಿಡಿ. ಇದೇ ತಾರೀಖು, ಇದೇ ವಾರ 2038ರಲ್ಲಿ ಮತ್ತೆ ಬರುತ್ತದೆ. ಪೆನ್ಸಿಲಿನಲ್ಲಿ ಬರೆದ ಹಬ್ಬಗಳನ್ನಷ್ಟೇ ಅಳಿಸಿ ತಿದ್ದಿದರೆ ಸಾಕು.